ಕಳ್ಳಗಾಳಿ

ಫೆಬ್ರವರಿ 11, ಮಂಗಳವಾರ

ಇವತ್ತು ಲಾರಿ ತೆಗೆದೆ. ತೆಗೆದೆ ಎಂದರೆ ಶೆಡ್ಡಿನಿಂದ ಗೇಟಿನವರೆಗೆ, ಅಷ್ಟೇ. ಅಷ್ಟರಲ್ಲೇ ನಾಲ್ಕಾರು ಸಲ ನಿಂತುಹೋಯಿತು. ಸ್ಟಾರ್ಟ್ ಆದ ಕೂಡಲೇ ಕಾರಣವಿಲ್ಲದೆ ಕಿರುಚುತ್ತದೆ, ಆಮೇಲೆ ಯಾರೋ ಕತ್ತು ಹಿಸುಕಿದ ಹಾಗೆ ಕುಗ್ಗುತ್ತದೆ, ಮತ್ತೆ ಕಿರುಚುತ್ತದೆ. ಆಕ್ಸಿಲರೇಟರ್ ಒತ್ತಿದರೆ ಬಾನೆಟ್ಟಿನೊಳಗಿಂದ ಫಟ್ ಎಂದು ಒಂದು ಸೀನು. ನಾನು ಸೀಟಿನಿಂದ ಗೇಣುದ್ದ ಹಾರಿದೆ.

ಅಕ್ಕ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಅವಳಿಗೆ ಅದೊಂದೂ ಕೇಳಿಸಲಿಲ್ಲ. ಸೀನಿಗಿಂತ ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ. ಅಪ್ಪನ ನಂತರ ಈ ಲಾರಿಯನ್ನು ಓಡಿಸಿದವಳು ಅವಳು. ಬೀದಿಯ ಆ ತುದಿಯಲ್ಲಿ ಬರುವ ಗಾಡಿಯ ಸದ್ದು ಕೇಳಿಯೇ, "ಅವನ ಫ್ಯಾನ್ ಬೆಲ್ಟ್ ಸಡಿಲ ಆಗಿದೆ, ಪಾಪ" ಎನ್ನುತ್ತಿದ್ದವಳು. ಡಿಸೆಂಬರಿನ ಜ್ವರ ಅವಳ ಎರಡು ಕಿವಿಯನ್ನೂ ತೆಗೆದುಕೊಂಡು ಹೋಯಿತು. ನಿಂತರೆ ನೆಲ ವಾಲುತ್ತದಂತೆ. ಸ್ಟಿಯರಿಂಗ್ ಹಿಡಿಯುವ ಮಾತೇ ಇಲ್ಲ. ತಲೆಸುತ್ತು ಕಡಿಮೆಯಾಗುತ್ತದೆ ಎಂದರು ಡಾಕ್ಟರು. ಕಿವಿಯ ಬಗ್ಗೆ ಕೇಳಿದ್ದಕ್ಕೆ ಪೆನ್ನಿನ ಮುಚ್ಚಳ ಹಾಕಿದರು.

ಉಳಿದವಳು ನಾನು. ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು ನಮ್ಮ ಕಸುಬು. ಅದರಲ್ಲಿ ಗಾಜಿನ ಪಾತ್ರೆಗೆ ಹಳೇ ಪೇಪರ್ ಸುತ್ತುವುದು, ಹಗ್ಗ ಬಿಗಿಯುವುದು, ಎಡಗಡೆ ಸೀಟಿನಲ್ಲಿ ತೂಕಡಿಸುವುದು ನನ್ನ ಪಾಲು. ಲೈಸೆನ್ಸ್ ಇದೆ, ಧೈರ್ಯ ಇಲ್ಲ. ಬಾನೆಟ್ಟಿನ ಕೆಳಗೆ ಏನಿದೆ ಎಂದು ಇಣುಕಿ ನೋಡಿದವಳೂ ಅಲ್ಲ.

ಸಂಜೆ ಗುಜರಿಯವನಿಗೆ ಫೋನು ಮಾಡಿದೆ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಬಂದು ನೋಡುತ್ತಾನಂತೆ. ಅಕ್ಕನಿಗೆ ಹೇಳಿಲ್ಲ.

ಫೆಬ್ರವರಿ 14, ಶುಕ್ರವಾರ

ಜೇನಮ್ಮ ಬಂದಿದ್ದರು. ಊರಾಚೆ ಜೇನು ಸಾಕುವ ಹೆಂಗಸು; ಬೇಸಿಗೆ ಶುರುವಾಗುವಾಗ ಬೆಟ್ಟದ ಮೇಲಿನ ಕಾಡು ಹೂ ಬಿಡುತ್ತದೆ, ಆಗ ಅವರ ಪೆಟ್ಟಿಗೆಗಳನ್ನೆಲ್ಲ ಅಲ್ಲಿಗೆ ಏರಿಸಬೇಕು. ಬೇರೆ ಲಾರಿಯವರು ಜೇನು ಅಂದರೆ ಮಾರು ದೂರ. ವರ್ಷಾ ವರ್ಷ ಅಕ್ಕನೇ ಒಯ್ಯುವುದು.

"ಮಾರ್ಚ್ ಮೊದಲ ವಾರ ಹೂ ಒಡೆಯುತ್ತೆ. ಈಗ ಇಲ್ಲಿ ಅವಕ್ಕೆ ತಿನ್ನೋಕೇ ಏನೂ ಉಳಿದಿಲ್ಲ," ಎಂದರು. "ಆದ್ರೆ ನೋಡಮ್ಮ, ಪೆಟ್ಟಿಗೆ ಬಾಯಿ ಮುಚ್ಚಿ ಹೊರಟ ಮೇಲೆ ಗಾಡಿ ದಾರೀಲಿ ಕೆಟ್ಟು ಕೂತ್ರೆ ಆಗಲ್ಲ. ಬಿಸಿಲು ಏರಿದ್ರೆ ಒಳಗೆ ಮೇಣ ಕರಗಿ, ಎಲ್ಲಾ ಅಲ್ಲೇ ಬೆಂದುಹೋಗ್ತವೆ."

ಆಗುವುದಿಲ್ಲ ಎನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರ ತುಟಿಯನ್ನೇ ನೋಡುತ್ತಿದ್ದ ಅಕ್ಕ, "ಆಗುತ್ತೆ" ಎಂದಳು. ಈಗ ಅವಳ ದನಿಗೆ ಅಳತೆ ಇಲ್ಲ; ಪಕ್ಕದ ಮನೆಯವರಿಗೂ ಕೇಳಿಸಿರಬೇಕು.

ಜೇನಮ್ಮ ಹೋದ ಮೇಲೆ ಸ್ಲೇಟಿನ ಮೇಲೆ ಬರೆದು ತೋರಿಸಿದೆ: ಯಾರು ಓಡಿಸೋದು? ಅಕ್ಕ ಓದಿ, ಅಂಗೈಯಲ್ಲಿ ಒರೆಸಿ, ಒಳಗೆ ಹೋದಳು.

ಫೆಬ್ರವರಿ 16, ಭಾನುವಾರ

ಜ್ವರದ ನಂತರ ಮೊದಲ ಸಲ ಅಕ್ಕ ಶೆಡ್ಡಿಗೆ ಬಂದಳು. ಗೋಡೆ ಹಿಡಿದುಕೊಂಡೇ ಬಂದಳು. ಬಾನೆಟ್ಟು ಎತ್ತಲು ಹೇಳಿ, ಸ್ಟಾರ್ಟ್ ಮಾಡಿಸಿ, ಇಂಜಿನ್ನಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿಕೊಂಡಳು.

"ಮುದುಕ ಕಳ್ಳಗಾಳಿ ಕುಡೀತಿದ್ದಾನೆ," ಎಂದಳು. ಲಾರಿಗೆ ಅವಳಿಟ್ಟ ಹೆಸರು ಮುದುಕ.

ಅರ್ಥವಾಗಲಿಲ್ಲ ಎಂದು ತಲೆಯಾಡಿಸಿದೆ. ಎಷ್ಟೋ ವಾರದ ನಂತರ ಅವಳು ಉದ್ದ ಮಾತಾಡಿದಳು. "ಇವನೂ ನಮ್ಮ ಹಾಗೇ ಉಸಿರು ಎಳೀತಾನೆ ಕಣೇ. ಈ ಕಾರ್ಬುರೇಟರ್ ಇದೆಯಲ್ಲ, ಇದು ಬಾಗಿಲು. ಬಾಗಿಲಲ್ಲಿ ಬಂದ ಗಾಳಿಗೆ ಇದು ತೂಕ ನೋಡಿ ಪೆಟ್ರೋಲ್ ಬೆರೆಸುತ್ತೆ. ಗೋಡೆ ಬಿರುಕಲ್ಲಿ ನುಗ್ಗಿದ ಗಾಳಿಗೆ ಯಾರು ಬೆರೆಸ್ತಾರೆ? ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಲೀನ್ ಓಡೋದು ಅಂತಾರೆ. ಸೀನುತ್ತೆ, ಕಾಯುತ್ತೆ, ಕೊನೆಗೆ ವಾಲ್ವ್ ಸುಟ್ಟುಕೊಂಡು ಮಲಗುತ್ತೆ."

ಇಷ್ಟು ವರ್ಷ ಉಸಿರಾಡುವ ಒಂದು ವಸ್ತುವಿನ ಪಕ್ಕದಲ್ಲಿ ಕೂತು ತೂಕಡಿಸಿದ್ದೆನೇ?

ಇಂಜಿನ್ನಿನಿಂದ ಹೊರಟ ರಬ್ಬರ್ ಕೊಳವೆಗಳನ್ನು ಒಂದೊಂದಾಗಿ ಬಟ್ಟೆ ಸುತ್ತಿದ ಇಕ್ಕಳದಿಂದ ಹಿಸುಕಲು ಹೇಳಿದಳು. ಹಿಸುಕಿದಾಗ ಸದ್ದು ಬದಲಾದರೆ ಕಳ್ಳ ಅಲ್ಲೇ ಇದ್ದಾನೆಂದು ಅರ್ಥ. ಬ್ರೇಕಿಗೆ ಹೋಗುವ ದಪ್ಪ ಕೊಳವೆಯನ್ನು ಹಿಸುಕಿದ್ದೇ ತಡ, ಕಿರುಚಾಟ ನಿಂತು ಇಂಜಿನ್ನು ತಗ್ಗಿತು. ಅಕ್ಕನ ಅಂಗೈ ಅದರ ಮೇಲೇ ಇತ್ತು. ನಾನು ಕೈ ಮಾಡುವ ಮೊದಲೇ ಅವಳು, "ಸಿಕ್ಕಿದ" ಎಂದಳು. ಕೊಳವೆ ಬಗ್ಗಿಸಿ ನೋಡಿದರೆ ಕೆಳಗಡೆ ಉಗುರಿನಷ್ಟು ಸೀಳು. ಎರಡು ತಿಂಗಳು ನಿಂತಲ್ಲೇ ನಿಂತು ಒಣಗಿ ಬಿರಿದಿದೆ.

ಹೊಸ ಕೊಳವೆ ತಂದು ಹಾಕಿದೆ. ನಾನೇ ಹಾಕಿದೆ. ಉಗುರು ಕಪ್ಪಾಗಿದೆ, ತಿಕ್ಕಿದರೂ ಹೋಗುತ್ತಿಲ್ಲ.

ಫೆಬ್ರವರಿ 18, ಮಂಗಳವಾರ

ಸಂಭ್ರಮ ಎರಡು ದಿನಕ್ಕೇ ಮುಗಿಯಿತು. ಶಾಲೆಯ ಹಿಂದಿನ ದಿಬ್ಬ ಹತ್ತಿಸಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಮುದುಕನಿಗೆ ಮತ್ತೆ ಸೀನು. ಹಿಂದಿನ ಗಾಡಿಯವರೆಲ್ಲ ಹಾರ್ನ್ ಹೊಡೆದರು. ಹ್ಯಾಂಡ್‌ಬ್ರೇಕ್ ಎಳೆದು ಕೆಳಗಿಳಿದುಬಿಟ್ಟೆ. ದಾರಿಹೋಕನೊಬ್ಬ ಹತ್ತಿ ಬದಿಗೆ ನಿಲ್ಲಿಸಿಕೊಟ್ಟ.

ಮೆಕ್ಯಾನಿಕ್ ಮೇಸ್ತ್ರಿಯ ಬಳಿ ಹೋದೆ. ಅವರು ಕಾರ್ಬುರೇಟರಿನ ತಿರುಪು ಬಿಚ್ಚಿ ಪೆಟ್ರೋಲ್ ಹೆಚ್ಚು ಬಿಟ್ಟರು. ಈಗ ಸೀನು ಕಡಿಮೆ, ಆದರೆ ಕಪ್ಪು ಹೊಗೆ. "ಎತ್ತಿಗೆ ಜ್ವರ ಅಂದ್ರೆ ಎಮ್ಮೆಗೆ ಬರೆ ಹಾಕಿದ್ದಾನೆ," ಎಂದು ಅಕ್ಕ ತಿರುಪನ್ನು ಮೊದಲಿನ ಹಾಗೇ ತಿರುಗಿಸಿದಳು. ಮೇಸ್ತ್ರಿ ಒಳ್ಳೆಯವರೇ. ಇಂಜಿನ್ ಎಷ್ಟು ಬಲವಾಗಿ ಗಾಳಿ ಎಳೆಯುತ್ತದೆ ಎಂದು ತೋರಿಸುವ ಗೇಜ್ ಒಂದನ್ನು ಕೇಳದೆಯೇ ಕೊಟ್ಟು ಕಳಿಸಿದ್ದರು. ಹಚ್ಚಿ ನೋಡಿದೆವು. ಮುಳ್ಳು ಹಸಿರು ಪಟ್ಟಿಗಿಂತ ಕೆಳಗೆ, ಚಳಿ ಹಿಡಿದವರ ಹಾಗೆ ಅದುರುತ್ತಿತ್ತು. ಇನ್ನೊಬ್ಬ ಕಳ್ಳ ಇದ್ದಾನೆ.

ಫೆಬ್ರವರಿ 20, ಗುರುವಾರ

ಅಕ್ಕ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡಳು. ತುದಿಯನ್ನು ಇಂಜಿನ್ನಿಗೆ ಆನಿಸಿ ಹಿಡಿಯನ್ನು ಕಿವಿಗೆ ಒತ್ತಿದಳು. ಸದಾ ಹೀಗೆಯೇ ಕೇಳುತ್ತಿದ್ದವಳು. ಕೈ ತಾನಾಗಿಯೇ ಮಾಡಿಬಿಟ್ಟಿತು. ಹಾಗೇ ನಿಂತಳು. ಎಸೆದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಅದನ್ನು ಬಟ್ಟೆಯಲ್ಲಿ ಒರೆಸಿ, ಅದರ ಜಾಗದಲ್ಲೇ ಇಟ್ಟು, ಮನೆಯೊಳಗೆ ಹೋದಳು.

ಇವತ್ತು ಇಷ್ಟೇ.

ಫೆಬ್ರವರಿ 21, ಶುಕ್ರವಾರ

ಬೆಳಿಗ್ಗೆ ಹಾಲು ಕಾಯಿಸುತ್ತಿದ್ದೆ. ಶೆಡ್ಡಿನಿಂದ ಸ್ಟಾರ್ಟ್ ಮಾಡುವ ಸದ್ದು. ಓಡಿಹೋದೆ. ಅಕ್ಕ ಬಾನೆಟ್ಟಿನ ಮೇಲೆ ಬಾಗಿದ್ದಳು. ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ತುದಿಯನ್ನು ಇಂಜಿನ್ನಿನ ಉದ್ದಕ್ಕೂ ಒಂದೊಂದು ಕಡೆ ಮುಟ್ಟಿಸುತ್ತ ಸಾಗಿದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾನು ಬಾಗಿಲಲ್ಲೇ ನಿಂತೆ. ಹಾಲು ಉಕ್ಕಿ ಒಲೆ ತುಂಬಿದ್ದು ಆಮೇಲೆ ಗೊತ್ತಾಯಿತು.

ಹಿಡಿಯನ್ನು ಬಾಯಿಂದ ತೆಗೆದು ಹೇಳಿದಳು: "ಅದುರೋದು ಹಲ್ಲಿಗೆ ತಾಗುತ್ತೆ. ಆರು ಸಿಲಿಂಡರಲ್ಲಿ ಮುಂದಿನ ನಾಲ್ಕು ಸರಿಯಾಗಿ ನಡೀತಿವೆ. ಹಿಂದಿನ ಎರಡು ಕುಂಟ್ತಿವೆ. ಪ್ಲಗ್ ಬಿಚ್ಚು, ನೋಡೋಣ."

ಬಿಚ್ಚಿದೆ. ಮುಂದಿನ ನಾಲ್ಕು ಪ್ಲಗ್ಗಿನ ಮೂತಿ ಬಿಸ್ಕತ್ತಿನ ಬಣ್ಣ. ಹಿಂದಿನ ಎರಡು ಸುಣ್ಣದ ಹಾಗೆ ಬೆಳ್ಳಗೆ, ಪೆಟ್ರೋಲ್ ಸಾಲದೆ ಕಾದು ಬೆಂದ ಬಿಳುಪು. ಆರನ್ನೂ ಹಲಗೆಯ ಮೇಲೆ ಸಾಲಾಗಿ ಇಟ್ಟು ನೋಡಿದೆ. ಒಳಗೆ ಕಣ್ಣು ಹಾಯದ ಕತ್ತಲಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಎಷ್ಟೋ ಸಲ ಹತ್ತಿ ಆರುವ ಬೆಂಕಿ. ಆ ಬೆಂಕಿಯ ಕುಂಟನ್ನು ನನ್ನ ಅಕ್ಕ ಹಲ್ಲಿನಲ್ಲಿ ಹಿಡಿದಳು.

ಪ್ಲಗ್ಗುಗಳಿಂದ ಕಣ್ಣೆತ್ತಿ ಅವಳನ್ನೇ ನೋಡಿದೆ. "ಏನೇ, ದೆವ್ವ ನೋಡಿದ ಹಾಗೆ ನೋಡ್ತೀಯಲ್ಲ," ಎಂದಳು.

ಫೆಬ್ರವರಿ 23, ಭಾನುವಾರ

ಇವತ್ತಿನದು ನನ್ನ ಕಿವಿಯ ಕೆಲಸ. "ಕುಂಟೋದು ನನಗೆ ಗೊತ್ತಾಗುತ್ತೆ, ಗಾಳಿ ಸೀಟಿ ಹೊಡೆಯೋದು ಗೊತ್ತಾಗಲ್ಲ. ಅದನ್ನ ನೀನು ಕೇಳು," ಎಂದಳು. ಫ್ಯಾನಿಗೆ ಸಿಕ್ಕೀತೆಂದು ನನ್ನ ಜಡೆಯನ್ನು ಬಟ್ಟೆಯಿಂದ ಬಿಗಿದು ಕಟ್ಟಿದಳು. ಮಾರುದ್ದದ ರಬ್ಬರ್ ಕೊಳವೆಯ ಒಂದು ತುದಿ ನನ್ನ ಕಿವಿಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ.

ಮೊದಲು ಬರೀ ಗಲಾಟೆ. ಸಂತೆಯಲ್ಲಿ ಒಬ್ಬರ ಮಾತು ಹುಡುಕಿದ ಹಾಗೆ. ನಿಧಾನವಾಗಿ ಬಿಡಿಬಿಡಿಯಾಯಿತು. ಇದು ಫ್ಯಾನು, ಇದು ಚೈನು, ಇದು ಟಕಟಕ ಎನ್ನುವ ವಾಲ್ವು. ಒಂದೊಂದಕ್ಕೂ ಅದರದೇ ಗಂಟಲು. ಕೊಳವೆಯ ತುದಿಯನ್ನು ಹಿಂದಕ್ಕೆ, ಕೆಳಕ್ಕೆ ಒಯ್ದಾಗ ಅದು ಕೇಳಿಸಿತು: ಬಿಸಿ ಚಹಾ ಹೀರುವವರ ತುಟಿಯ ಸದ್ದು, ಬಿಡುವಿಲ್ಲದೆ. ಗಾಳಿ, ಪೆಟ್ರೋಲಿನ ಮಿಶ್ರಣವನ್ನು ಆರೂ ಸಿಲಿಂಡರಿಗೆ ಹಂಚುವ ಕವಲುಕೊಳವೆಯೊಂದಿದೆ, ಮ್ಯಾನಿಫೋಲ್ಡ್ ಎನ್ನುತ್ತಾರೆ. ಅದರ ಹಿಂಬದಿಯ ಅಡಿಯಲ್ಲಿ.

ಅಷ್ಟು ಹೊತ್ತಿಗೆ ಯಾರೋ ಗೇಟು ಬಡಿದರು. ಗುಜರಿಯವನು. "ಲಾರಿ ಕೊಡೋದಿದೆ ಅಂತ ಫೋನ್ ಬಂದಿತ್ತು," ಎಂದ. "ಯಾರ್ರೀ ಹೇಳಿದ್ದು? ಇಲ್ಲಿ ಕೆಲಸ ನಡೀತಿದೆ, ಸದ್ದು ಮಾಡಬೇಡಿ," ಎಂದು ಗದರಿ ಕಳಿಸಿದೆ. ಅವನು ತಿರುವು ದಾಟಿದ ಮೇಲೆ ನೆನಪಾಯಿತು, ಹೇಳಿದವಳು ನಾನೇ.

ಫೆಬ್ರವರಿ 25, ಮಂಗಳವಾರ

ಸದ್ದು ಸಿಕ್ಕಿದೆ, ಆದರೆ ಅದು ಕಬ್ಬಿಣದ ಬಿರುಕೋ, ಜೋಡಣೆಯ ಸಂದೋ ಗೊತ್ತಿಲ್ಲ. ಮ್ಯಾನಿಫೋಲ್ಡೇ ಬಿರುಕು ಬಿಟ್ಟಿದ್ದರೆ ಮುದುಕನ ಕಥೆ ಮುಗಿದಂತೆ. ಈ ಕಾಲದಲ್ಲಿ ಅದು ಎಲ್ಲೂ ಸಿಗುವುದಿಲ್ಲ. ಆ ಜಾಗ ಎಷ್ಟು ಇಕ್ಕಟ್ಟೆಂದರೆ ಕನ್ನಡಿ ಹಿಡಿದರೂ ಕಾಣದು.

ವಿಚಾರಿಸಿಕೊಂಡು ಹೋಗಲು ಜೇನಮ್ಮ ಬಂದರು. ಎಲ್ಲ ಕೇಳಿ, "ಗಾಳಿ ಕಾಣಲ್ಲ ಅಂದ್ರೆ ಅದಕ್ಕೆ ಬಣ್ಣ ಹಚ್ಚಿ," ಎಂದು ಮನೆಗೆ ಹೋಗಿ ಹೊಗೆಡಬ್ಬ ತಂದರು. ಜೇನು ಶಾಂತವಾಗಲೆಂದು ಹೊಗೆ ಊದುತ್ತಾರಲ್ಲ, ತಿದಿ ಇರುವ ಆ ತಗಡಿನ ಡಬ್ಬ.

ಅಕ್ಕ ಬೆಂಕಿಯ ವಿಷಯದಲ್ಲಿ ಭಾರೀ ಗಟ್ಟಿ. ಪೆಟ್ರೋಲ್ ಪೈಪು ಮುಚ್ಚಿಸಿ, ಕಾರ್ಬುರೇಟರನ್ನೇ ಬಿಚ್ಚಿಸಿ, ಅಂಗಳದ ಆ ಮೂಲೆಗೆ ಒಯ್ದಿಡಿಸಿದಳು. ಇಂಜಿನ್ನು ಮೊನ್ನೆಯಿಂದ ನಿಂತೇ ಇದ್ದು ಪೂರ್ತಿ ಆರಿತ್ತು. ಮ್ಯಾನಿಫೋಲ್ಡಿನ ಬಾಯಿಗೆ ರಬ್ಬರ್ ಹಾಸಿ ಹಲಗೆ ಬಿಗಿದೆವು. ಹಲಗೆಯ ತೂತಿಗೆ ಉದ್ದನೆಯ ಕೊಳವೆ. ಹೊಗೆಡಬ್ಬ ಶೆಡ್ಡಿನ ಹೊರಗೆ. ಕಿಡಿ ಬಾರದಿರಲೆಂದು ಹೊಗೆಯನ್ನು ನೀರಿನ ಡಬ್ಬಿಯೊಂದರ ಮೂಲಕ ಹಾಯಿಸಿದೆವು.

ಜೇನಮ್ಮ ಹೊರಗೆ ಮೆಲ್ಲಗೆ ತಿದಿ ಒತ್ತಿದರು. ಅಕ್ಕ ಒಂದು ಕಡೆ, ನಾನು ಒಂದು ಕಡೆ, ಟಾರ್ಚು ಹಿಡಿದು ಬಾಗಿದೆವು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಕಟ್ಟಕಡೆಯ ಕವಲಿನ ಅಡಿಯಿಂದ, ಇಂಜಿನ್ನಿಗೆ ಅದು ಕೂಡುವ ಸಂದಿನಿಂದ, ಒಂದು ಎಳೆ ಹೊರಟಿತು. ನೂಲಿಗಿಂತ ಸಣ್ಣ ಎಳೆ. ಟಾರ್ಚಿನ ಬೆಳಕಿನಲ್ಲಿ ನೀಲಿಯಾಗಿ, ಅವಸರವಿಲ್ಲದೆ, ನೆಟ್ಟಗೆ ಮೇಲೆದ್ದಿತು. ನಾವಿಬ್ಬರೂ ಉಸಿರು ಬಿಗಿಹಿಡಿದಿದ್ದೆವು; ನಮ್ಮ ಉಸಿರು ತಾಗಿದರೂ ಅದು ಹರಿದುಹೋಗುವಂತಿತ್ತು. ಇಷ್ಟು ತೆಳು ದಾರಿಯಲ್ಲಿ ನುಗ್ಗಿದ ಗಾಳಿ ಇಂಥ ಗಜಗಾತ್ರದ ಮುದುಕನನ್ನು ಮಂಡಿಯೂರಿಸಿತ್ತು.

"ಬಿರುಕಲ್ಲ, ಸಂದು," ಎಂದಳು ಅಕ್ಕ. ಈ ಸಲ ಅವಳ ದನಿ ಪಿಸುಮಾತಿನಷ್ಟೇ ಇತ್ತು. ಹೊರಗಿನಿಂದ ಜೇನಮ್ಮ, "ಏನಾದ್ರೂ ಬಂತಾ ಇಲ್ಲ ನಾನು ಸುಮ್ನೆ ಊದ್ತಾ ಇರ್ಲಾ?" ಎಂದು ಕೇಳುತ್ತಲೇ ಇದ್ದರು. ಇನ್ನೂ ಸ್ವಲ್ಪ ಹೊತ್ತು ನೋಡಬೇಕಿತ್ತು.

ಫೆಬ್ರವರಿ 28, ಶುಕ್ರವಾರ

ಮ್ಯಾನಿಫೋಲ್ಡ್ ಬಿಚ್ಚಿದೆ. ಒಂದು ಬೋಲ್ಟು ಜಪ್ಪಯ್ಯ ಅಂದರೂ ಬರಲಿಲ್ಲ. ಎಣ್ಣೆ ಬಿಟ್ಟು, ಕಾದು, ಮತ್ತೆ ಎಣ್ಣೆ ಬಿಟ್ಟು, ಗಟ್ಟಿಯಾಗಿ ಬೈದು ಬಿಚ್ಚಿದೆ. ಅಕ್ಕ ಬೈಗಳನ್ನು ತುಟಿಯಲ್ಲೇ ಓದಿ ನಕ್ಕಳು.

ಸಂದಿನ ಮುಖಕ್ಕೆ ಉಕ್ಕಿನ ಸ್ಕೇಲು ಇಟ್ಟರೆ ಹಿಂಬದಿಯಲ್ಲಿ ಬೆಳಕು ತೂರುತ್ತಿತ್ತು. ಅಷ್ಟು ಕಬ್ಬಿಣ, ವರ್ಷಗಟ್ಟಲೆ ಕಾದು ತಣಿದು ಬಾಗಿದೆ. ಲೇತಿನವರ ಬಳಿ ಒಯ್ದೆ. ಅವರು ಮುಖವನ್ನು ಕೂದಲೆಳೆಯಷ್ಟು ಸವರಿ ಸಮ ಮಾಡಿಕೊಟ್ಟರು. ಸಂದಿಗೆ ಹಾಸುವ ಗ್ಯಾಸ್ಕೆಟ್ ಇಂಥ ಗಾಡಿಗೆ ಸಿದ್ಧವಾಗಿ ಸಿಗಲಿಲ್ಲ. ಹಾಳೆ ತಂದು, ಇಂಜಿನ್ನಿನ ಮೇಲೆ ಹಿಡಿದು, ಅಂಚಿನುದ್ದಕ್ಕೂ ಗುಂಡುಸುತ್ತಿಗೆಯಿಂದ ಮೆಲ್ಲಮೆಲ್ಲನೆ ಕುಟ್ಟುತ್ತ ಹೋದೆ. ಕಬ್ಬಿಣದ ಅಂಚೇ ಹಾಳೆಯನ್ನು ಕತ್ತರಿಸುತ್ತದೆ. ಮೊದಲನೆಯದು ಹರಿಯಿತು. ಎರಡನೆಯದನ್ನು ಅಕ್ಕ ಬೆಳಕಿಗೆ ಹಿಡಿದು ನೋಡಿ ಏನೂ ಹೇಳದೆ ವಾಪಸು ಕೊಟ್ಟಳು. ಅವಳ ಭಾಷೆಯಲ್ಲಿ ಅದು ಹೊಗಳಿಕೆ.

ಮಾರ್ಚ್ 2, ಭಾನುವಾರ

ಮಧ್ಯದಿಂದ ಶುರು ಮಾಡಿ ಎರಡೂ ತುದಿಗೆ ಬೋಲ್ಟು ಬಿಗಿದೆ. ಸ್ಟಾರ್ಟ್ ಮಾಡಿದೆ. ಗೇಜಿನ ಮುಳ್ಳು ಹಸಿರಿಗೆ ಏರಿ ನಿಂತಿತು. ಗೋಡೆಗೆ ಹೊಡೆದ ಮೊಳೆಯಂತೆ ನಿಂತಿತು. ಬಾನೆಟ್ಟಿನ ಮೇಲೆ ಚಹಾದ ಲೋಟ ಇಟ್ಟೆ. ಚಹಾದಲ್ಲಿ ಸಣ್ಣ ಸಣ್ಣ ಉಂಗುರಗಳು, ಎಲ್ಲ ಒಂದೇ ಅಳತೆಯವು. ಆರುವವರೆಗೂ ನೋಡುತ್ತ ಕೂತೆ.

ಮಾರ್ಚ್ 6, ಗುರುವಾರ

ನಸುಕಿನಲ್ಲಿ ಪೆಟ್ಟಿಗೆಗಳ ಬಾಯಿ ಮುಚ್ಚಿ ಏರಿಸಿದೆವು. ಹಗ್ಗ ನಾನೇ ಬಿಗಿದೆ. ಅಕ್ಕ ನನ್ನ ಎಡಗಡೆ, ಜೇನಮ್ಮ ಕಿಟಕಿಯ ಬಳಿ. ಬೆಳಕು ಹರಿಯುವಾಗ ಬೆಟ್ಟದ ಬುಡ ತಲುಪಿದ್ದೆವು.

ತಿರುವು ಕಳೆದು ತಿರುವು. ಮುದುಕ ಎರಡನೇ ಗೇರಿನಲ್ಲಿ ಒಂದೇ ದನಿಯಲ್ಲಿ ಏರಿದ. ಅರ್ಧ ಬೆಟ್ಟ ದಾಟಿದ ಮೇಲೆ ಕೆಂಪು ಬಾವುಟದವನೊಬ್ಬ ಅಡ್ಡ ನಿಂತ. ಮೇಲೆ ಮಣ್ಣು ಜಾರಿದೆ, ತೆಗೆಯುತ್ತಿದ್ದಾರೆ, ಕಾಯಬೇಕು. ಹಿಂದಿನ ತಿಂಗಳಾಗಿದ್ದರೆ ಇಂಥ ಕಡೆ ಕಾಯುವುದೆಂದರೆ ನಿಂತುಹೋಗುವುದೆಂದೇ ಅರ್ಥ.

"ಇಂಜಿನ್ ಆಫ್ ಮಾಡಿ ಅಮ್ಮ, ಹೊತ್ತಾಗುತ್ತೆ," ಎಂದ.

"ಆಫ್ ಮಾಡಲ್ಲ. ಇಂಥ ಏರಲ್ಲಿ ಮತ್ತೆ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಇವು ಬದುಕಲ್ಲ," ಎಂದೆ. "ಅಲ್ಲಿ ಬಂಡೆ ನೆರಳಿದೆಯಲ್ಲ, ಅಷ್ಟು ಮುಂದೆ ಬಿಡಿ. ಅಲ್ಲೇ ಕಾಯ್ತೀವಿ."

ಅವನು ನನ್ನ ಮುಖ ನೋಡಿದ, ಹಿಂದಿನ ಪೆಟ್ಟಿಗೆಗಳನ್ನು ನೋಡಿದ, ಬಾವುಟ ಇಳಿಸಿದ. ನೆರಳಿನಲ್ಲಿ ನಿಲ್ಲಿಸಿದೆ. ಮುದುಕ ಸಣ್ಣ ದನಿಯಲ್ಲಿ ನಡೆಯುತ್ತಲೇ ಇದ್ದ. ಒಂದು ಸೀನಿಲ್ಲ, ಒಂದು ಎಡವಿಲ್ಲ. ಅಕ್ಕ ಡ್ಯಾಶ್‌ಬೋರ್ಡಿಗೆ ಕೈ ಇಡಲೂ ಇಲ್ಲ. ಕಿಟಕಿಯಾಚೆ ನೋಡುತ್ತಿದ್ದಳು.

ಪೆಟ್ಟಿಗೆಗಳ ಜಾಲರಿಗೆ ನೀರು ಚಿಮುಕಿಸಲು ಜೇನಮ್ಮನ ಜೊತೆ ನಾನೂ ಹಿಂದಕ್ಕೆ ಹೋದೆ. ಇಂಜಿನ್ನಿನ ಸದ್ದಿನ ಕೆಳಗೆ ಇನ್ನೊಂದು ಸದ್ದಿತ್ತು. ದೂರದ ಜಲಪಾತದ ಹಾಗೆ, ಅಗಲವಾಗಿ. ಸಿಟ್ಟು ಬಂದಿದೆಯೇ ಎಂದು ಕೇಳಿದೆ.

"ಸಿಟ್ಟಲ್ಲ. ಸಾವಿರಾರು ಒಟ್ಟಿಗೆ ನಿಂತು ರೆಕ್ಕೆ ಬೀಸ್ತಿವೆ. ಒಂದು ಕಡೆಯಿಂದ ಗಾಳಿ ಎಳೆದು ಇನ್ನೊಂದು ಕಡೆ ಬಿಡ್ತಿವೆ, ಒಳಗೆ ತಂಪಾಗ್ಲಿ ಅಂತ. ಯಾರೂ ಹೇಳಿಕೊಟ್ಟಿದ್ದಲ್ಲ," ಎಂದರು.

ಜಾಲರಿಯ ಬಳಿ ಮುಖ ಒಯ್ದೆ. ಬೆಚ್ಚನೆಯ, ಮೇಣದ ವಾಸನೆಯ ಗಾಳಿ ಕೆನ್ನೆಗೆ ತಾಗಿತು. ಅಷ್ಟು ಪುಟ್ಟ ರೆಕ್ಕೆಗಳು ಬೀಸಿದ ಗಾಳಿ ಅದು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಬಾವುಟದವನು ಬಂದು, "ದಾರಿ ಬಿಟ್ಟಾಯ್ತು" ಎಂದು ಎರಡು ಸಲ ಹೇಳಬೇಕಾಯಿತು.

ಮೇಲೆ ತಲುಪಿದಾಗ ಇಡೀ ಕಾಡು ಬಿಳಿ ಹೂವಾಗಿತ್ತು. ಪೆಟ್ಟಿಗೆಗಳನ್ನು ಮರದಡಿ ಸಾಲಾಗಿ ಇಳಿಸಿ, ಒಂದು ಬಿಡದೆ ಬಾಯಿ ತೆರೆದೆವು. ಮೊದಲು ಒಂದೆರಡು ಹೊರಬಂದು, ಗೂಡಿನ ಕಡೆಗೇ ಮುಖ ಮಾಡಿ ತೂಗಾಡಿದವು. ಮನೆಯ ಗುರುತು ಹಿಡಿಯುತ್ತಿವೆ ಎಂದರು ಜೇನಮ್ಮ. ಆಮೇಲೆ ಎಲ್ಲ ಪೆಟ್ಟಿಗೆಯಿಂದಲೂ ಬಂದವು, ಬಂದವು, ಬಂದವು. ನನ್ನ ತಲೆಯ ಸುತ್ತಲಿನ ಗಾಳಿಯೇ ಕಂದು ಬಂಗಾರವಾಗಿತ್ತು. ಅಲುಗದೆ ನಿಂತಿದ್ದೆ. ಒಂದೂ ಕಚ್ಚಲಿಲ್ಲ.

ಮಾರ್ಚ್ 7, ಶುಕ್ರವಾರ

ನಿನ್ನೆ ದಣಿವಿಗೆ ಪೂರ್ತಿ ಬರೆಯಲಾಗಲಿಲ್ಲ. ಇಳಿಯುವಾಗಿನದು ಬಾಕಿ ಇದೆ.

ಜೇನಮ್ಮ ಮೇಲೆಯೇ ಉಳಿದರು. ನಾವಿಬ್ಬರೇ ಖಾಲಿ ಲಾರಿಯಲ್ಲಿ ಇಳಿಯುತ್ತಿದ್ದೆವು. ಅಕ್ಕ ನನ್ನನ್ನೇ ನೋಡುತ್ತಿದ್ದಾಳೆ ಎಂದು ಗೊತ್ತಾಗಿ, ಗೇರ್ ಏನಾದರೂ ತಪ್ಪು ಹಾಕಿದೆನೇ ಎಂದು ಹುಬ್ಬೇರಿಸಿ ಕೇಳಿದೆ.

"ಏನು ಹಾಡ್ತಿದ್ದೀಯ?" ಎಂದಳು.

ಹಾಡುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಯಾವಾಗಿನಿಂದ ಎಂದೂ ಗೊತ್ತಿಲ್ಲ. ರಸ್ತೆ ಅಗಲವಾದ ಕಡೆ ಬದಿಗೆ ನಿಲ್ಲಿಸಿ, ಅವಳ ಕಡೆ ಪೂರ್ತಿ ತಿರುಗಿ ಕೂತೆ. ಚಿಕ್ಕವರಿದ್ದಾಗ ಅಪ್ಪನ ಜೊತೆ ಹಿಂದುಗಡೆ ಸಾಮಾನಿನ ಮೇಲೆ ಕೂತು ಹೋಗುವಾಗ ನಾವೇ ಕಟ್ಟಿದ ಪದ ಅದು. ಒಂದೊಂದು ಶಬ್ದಕ್ಕೂ ತುಟಿ ತೆರೆದು, ನಿಧಾನವಾಗಿ, ಅವಳಿಗೆ ಕಾಣುವ ಹಾಗೆ ಹಾಡಿದೆ:

ಮೇಜಿನ ಕಾಲಿಗೆ ಮಂಡಿಯೇ ಇಲ್ಲ,
ಬೀರುವಿನ ಬಾಯಿಗೆ ಹಲ್ಲೇ ಇಲ್ಲ...

ಅಕ್ಕ ಕೈ ಎತ್ತಿ ತಡೆದಳು. "ಹಲ್ಲಲ್ಲ. ನಾಲಿಗೆ. ನೀನು ಮೊದಲಿಂದ್ಲೂ ಅಲ್ಲಿ ತಪ್ಪೇ ಹೇಳೋದು."

ತಿದ್ದಿಕೊಂಡು ಮತ್ತೆ ಮೊದಲಿನಿಂದ ಹಾಡಿದೆ. ಈ ಸಲ ಅವಳೂ ಸೇರಿದಳು. ರಾಗ ಎಲ್ಲಿಗೋ ಹೋಯಿತು, ತಾಳ ಮಾತ್ರ ಕೂದಲೆಳೆಯಷ್ಟೂ ತಪ್ಪಲಿಲ್ಲ. ಹಿಂದಿನಿಂದ ಬಂದ ಬಸ್ಸಿನವನು ಹಾರ್ನ್ ಹೊಡೆದ. ಜಾಗ ಧಾರಾಳವಾಗಿತ್ತು. ಸುತ್ತಿಕೊಂಡು ಹೋಗು ಎಂದು ಕಿಟಕಿಯಿಂದ ಕೈ ಬೀಸಿ, ಮುಂದಿನ ಸಾಲು ಎತ್ತಿಕೊಂಡೆ.